ಪಾದ ನಡೆಯದವರ ಪಾದಯಾತ್ರೆ

(ಜಾತ್ರಾ ಮಹೋತ್ಸವದ ನಿಮಿತ್ತ ಮಿರಜಿನಲ್ಲಿ ಏರ್ಪಡಿಸಿದ್ದ ಉಪನ್ಯಾಸ ಮಾಲೆಯ ಭಾಷಣದ ಬರಹರೂಪ)

 

ಛಟ್ಟಿ ಅಮಾವಾಸ್ಯೆ ಹತ್ತಿರ ಬಂದಿತೆಂದರೆ ಗುಡ್ಡಾಪುರದ ದಾರಿಯೆಲ್ಲ ಜನರಿಂದ ತುಂಬುತ್ತದೆ. ವಿಜಯಪುರದ ಕಡೆಯಿಂದ ಬರುವವರು, ಜತ್ತದ ಹಳ್ಳಿಗಳವರು, ತಲೆಯ ಮೇಲೆ ಗಂಟು, ಕೈಯಲ್ಲಿ ಕೋಲು, ಬಾಯಲ್ಲಿ ದಾನಮ್ಮತಾಯಿಯ ಹೆಸರು. ಆಷಾಢದಲ್ಲಿ ಪಂಢರಪುರದ ವಾರಿಯೂ ಹಾಗೆಯೇ. ವರ್ಷವೆಲ್ಲ ಬಸ್ಸಿಗೆ ಓಡಾಡುವ ಮನುಷ್ಯ ಕೂಡ ಆ ನಾಲ್ಕು ದಿನ ಬಸ್ಸು ಹತ್ತುವುದಿಲ್ಲ. "ನಡಕೋತ ಬರ್ತೀನವ್ವಾ ತಾಯಿ" ಎಂದು ಹರಕೆ ಹೊತ್ತವನು ಅಂಗಾಲಿನಲ್ಲಿ ಗುಳ್ಳೆ ಎದ್ದರೂ ನಡೆದೇ ಮುಟ್ಟುತ್ತಾನೆ. ಗುರುವಿನ ಪಾದ, ಪಾದೋದಕ, ಪಾದಪೂಜೆ, ಪ್ರದಕ್ಷಿಣೆ, ಪಾದಯಾತ್ರೆ ಎಂದು ನೋಡಿದರೆ ಭಕ್ತಿಯ ಶಬ್ದಗಳಲ್ಲಿ ಎಷ್ಟೊಂದು ಕಾಲಿನ ಸುತ್ತಲೇ ಹುಟ್ಟಿವೆ! ಆದ್ದರಿಂದ ಇಂಥ ಮನೆಯಲ್ಲಿ ಬೆಳೆದ ಒಬ್ಬನ ಕಾಲುಗಳ ಬಲ ಒಂದು ದಿನ ಒಮ್ಮೆಲೇ ಹೋಗಿಬಿಟ್ಟರೆ ಅವನು ಕಳೆದುಕೊಳ್ಳುವುದು ಕಾಲನ್ನಷ್ಟೇ ಅಲ್ಲ. ದೇವರ ಹತ್ತಿರ ಹೋಗಲು ಅವನಿಗೆ ಗೊತ್ತಿದ್ದ ದಾರಿಯೂ ಮುಚ್ಚಿದಂತಾಗುತ್ತದೆ. ಅಂಥವರು ಆಮೇಲೆ ಯಾವುದನ್ನು ದೊಡ್ಡದೆಂದು ಹಿಡಿದು ಬಾಳುತ್ತಾರೆ, ಅವರಿಗೆ ಬಾಳಿನಲ್ಲಿ ತೃಪ್ತಿ ಎಂಬುದು ಇರುತ್ತದೆಯೇ, ಎಂಬುದೇ ಇಂದಿನ ವಿಷಯ.

ಮೊದಲು ಪೆಟ್ಟಿನ ಸ್ವರೂಪ ತಿಳಿಯಬೇಕು. ಬೆನ್ನುಮೂಳೆಯ ಮಣಿಗಳ ಒಳಗೆ, ಕೊಳವೆಯಲ್ಲಿ ತಂತಿ ಹಾಯಿಸಿದಂತೆ, ಮಿದುಳಿನಿಂದ ಸೊಂಟದವರೆಗೆ ಒಂದು ಹುರಿ ಇಳಿದಿದೆ. ಕಾಲು ಎತ್ತು ಎಂಬ ಅಪ್ಪಣೆ ಮೇಲಿನಿಂದ ಕೆಳಗೆ ಹೋಗುವುದೂ, ಕಾಲಿಗೆ ಮುಳ್ಳು ಚುಚ್ಚಿತೆಂಬ ಸುದ್ದಿ ಕೆಳಗಿನಿಂದ ಮೇಲೆ ಬರುವುದೂ ಇದರ ಮೂಲಕವೇ. ರೈತರಿಗೆ ಹೇಳುವುದಾದರೆ, ಬಾವಿಯ ಮೋಟಾರು ಸರಿ ಇದೆ, ಕಂಬದಲ್ಲಿ ಕರೆಂಟೂ ಇದೆ, ನಡುವಿನ ಕೇಬಲ್ಲು ಮಾತ್ರ ಕಡಿದಿದೆ. ಕೇಬಲ್ಲನ್ನು ಜೋಡಿಸಿದರೆ ನೀರು ಬರುತ್ತದೆ. ಬೆನ್ನುಹುರಿಯನ್ನು ಹಾಗೆ ಜೋಡಿಸುವ ವಿದ್ಯೆ ವೈದ್ಯಲೋಕಕ್ಕೆ ಇನ್ನೂ ಕೈಗೂಡಿಲ್ಲ. ಪೆಟ್ಟು ಸೊಂಟದ ಮಟ್ಟದಲ್ಲಿ ಬಿದ್ದರೆ ಕಾಲುಗಳು, ಕುತ್ತಿಗೆಯ ಮಟ್ಟದಲ್ಲಿ ಬಿದ್ದರೆ ಕೈಗಳೂ ಹೋಗುತ್ತವೆ. ಮಲಮೂತ್ರದ ಹಿಡಿತವೂ ತಪ್ಪುತ್ತದೆ. ಈ ಕೊನೆಯ ಮಾತನ್ನು ಸಭೆಯಲ್ಲಿ ಹೇಳಲು ಸಂಕೋಚವೆನಿಸಬಹುದು. ಆದರೆ ಇಂಥವರು ಜಾತ್ರೆಗೆ, ಮದುವೆಗೆ, ಮುಂಜಿಗೆ ಬಾರದೆ ಮನೆಯಲ್ಲೇ ಉಳಿಯಲು ಕಾಲಿಗಿಂತ ಇದೇ ದೊಡ್ಡ ಕಾರಣ. ಇದನ್ನು ಬಾಯಿಬಿಟ್ಟು ಹೇಳುವವರಿಲ್ಲ, ಕೇಳುವವರೂ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಜಗತ್ತಿನಲ್ಲಿ ಒಂದೂವರೆ ಕೋಟಿಗೂ ಹೆಚ್ಚು ಜನ ಇಂಥ ಪೆಟ್ಟಿನೊಡನೆ ಬದುಕುತ್ತಿದ್ದಾರೆ. ಪೆಟ್ಟು ಬೀಳುವ ಬಗೆ ಮಾತ್ರ ದೇಶಕ್ಕೊಂದು. ಮುಂದುವರಿದ ದೇಶಗಳಲ್ಲಿ ಮೋಟಾರು ಅಪಘಾತ ಹೆಚ್ಚು. ಇತ್ತ ಕಡೆ ಅದರ ಜೊತೆಗೆ ಎತ್ತರದಿಂದ ಬೀಳುವುದು ಬಹಳ. ಹುಣಸೆ ಬಡಿಯಲು ಮರ ಹತ್ತಿದವರು, ಕಠಡಾ ಇಲ್ಲದ ಮಾಳಿಗೆಯ ಮೇಲೆ ಬೇಸಿಗೆಯಲ್ಲಿ ಮಲಗಿ ನಿದ್ದೆಗಣ್ಣಿನಲ್ಲಿ ಎದ್ದವರು, ಬಾವಿಯಲ್ಲಿ ಇಳಿದವರು, ಕಬ್ಬು ತುಂಬಿದ ಟ್ರೇಲರಿನ ಮೇಲೆ ಕುಳಿತು ಕಾರಖಾನೆಗೆ ಹೊರಟವರು. ಜಾತ್ರೆಗೆ ಟ್ರ್ಯಾಕ್ಟರಿನಲ್ಲಿ ಮಕ್ಕಳುಮರಿ ತುಂಬಿಕೊಂಡು ಬರುವವರೂ ಇದನ್ನು ನೆನಪಿನಲ್ಲಿ ಇಡಬೇಕು. ಬಿದ್ದ ಮೇಲೆ ಎರಡನೆಯ ಅನಾಹುತ ಆಗುವುದು ಎತ್ತುವಾಗ. ನಾಲ್ವರು ನಾಲ್ಕು ಕಡೆ ಹಿಡಿದು, ನಡು ಮಡಚಿ, ಜೀಪಿನ ಹಿಂದಿನ ಸೀಟಿಗೆ ತುರುಕಿ ಒಯ್ಯುವಾಗ ಅರ್ಧ ಉಳಿದಿದ್ದ ಹುರಿಯೂ ಕಡಿಯಬಹುದು. ಬಿದ್ದವನಿಗೆ ಬೆನ್ನು, ಕುತ್ತಿಗೆ ನೋವಿದ್ದರೆ, ಕಾಲು ಜೋಮು ಹಿಡಿದಿದ್ದರೆ ಅಂಬುಲೆನ್ಸ್ ಬರುವವರೆಗೆ ಅಲುಗಾಡಿಸಬಾರದು. ಒಯ್ಯಲೇಬೇಕಾದರೆ ಬಾಗಿಲ ಹಲಗೆಯಂಥ ಗಟ್ಟಿ ಹಲಗೆಯ ಮೇಲೆ ತಲೆ, ಕುತ್ತಿಗೆ, ಬೆನ್ನು ಒಂದೇ ಸಾಲಿನಲ್ಲಿ ಇರುವಂತೆ ಮಲಗಿಸಿ ಒಯ್ಯಬೇಕು. ಈ ಒಂದು ಮಾತಿನಿಂದ ಯಾರದೋ ಮನೆಯ ಮಗನ ಕೈಗಳಾದರೂ ಉಳಿಯಬಹುದು.

"ಮಿರಜಿಗೆ ಒಯ್ರಿ" ಎಂಬ ಮಾತು ಗಡಿನಾಡಿನ ಹಳ್ಳಿಗಳಲ್ಲಿ ನೂರು ವರ್ಷಕ್ಕೂ ಹಳೆಯದು. ಅಮೆರಿಕದ ಮಿಶನ್ ವೈದ್ಯ ವಿಲಿಯಂ ವಾನ್ಲೆಸ್ ಅವರು ಇಲ್ಲಿ 1894ರಲ್ಲಿ ದವಾಖಾನೆ ತೆರೆದಂದಿನಿಂದ ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆಯ ರೋಗಿಗಳು ರೈಲು ಹತ್ತಿ ಇಲ್ಲಿಗೆ ಬಂದಿದ್ದಾರೆ. 1962ರಲ್ಲಿ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯವೂ ಆಯಿತು. ಮಿರಜು ಎಂದರೆ ಸಿತಾರು ತಂಬೂರಿ ಮಾಡುವ ಊರು ಎಂದು ಸಂಗೀತದವರು ಹೇಳುತ್ತಾರೆ. ಹಳ್ಳಿಗರಿಗೆ ಮಾತ್ರ ಇದು ದವಾಖಾನೆಗಳ ಊರು. ದವಾಖಾನೆಯ ಪಡಸಾಲೆಯಲ್ಲಿ ಕನ್ನಡವೂ ಮರಾಠಿಯೂ ಸಮಸಮ ಕೇಳುತ್ತವೆ. ಮಾತನಾಡಿಸಲು ಬಂದವರ ಮಾತು ಎರಡೂ ಭಾಷೆಯಲ್ಲಿ ಒಂದೇ ತರಹ. ಇಪ್ಪತ್ತು ವರ್ಷದ ಹುಡುಗ ಮಂಚದ ಮೇಲೆ ಮಲಗಿರುತ್ತಾನೆ. ಎಚ್ಚರ ಇರುತ್ತದೆ, ಕಿವಿ ಚೊಕ್ಕಟ ಕೇಳುತ್ತಿರುತ್ತವೆ. ಊರಿನಿಂದ ಬಂದ ಹಿರಿಯಳು ಅವನ ತಾಯಿಯ ಕೈಹಿಡಿದು, "ಏನ್ ಮಾಡೂದ್ ತಂಗಿ, ಹಿಂದಿನ ಜನ್ಮದ್ದು ಉಣ್ಣಬೇಕಲ್ಲ. ಹಿಂಗ ಬಿದ್ದಿರೂದಕ್ಕಿಂತ ಶಿವಾ ಒಯ್ದಿದ್ರ ಚೊಲೋ ಇತ್ತು" ಎನ್ನುತ್ತಾಳೆ. ಆಕೆಯದು ಕೆಟ್ಟ ಮನಸ್ಸಲ್ಲ, ಕಣ್ಣಲ್ಲಿ ನೀರೂ ಇರುತ್ತದೆ. ಆದರೆ ಹುಡುಗ ಮುಖವನ್ನು ಗೋಡೆಯ ಕಡೆಗೆ ತಿರುಗಿಸುತ್ತಾನೆ.

ಓದಿದವರೂ ಹೀಗೆಯೇ ಯೋಚಿಸುತ್ತಾರೆ ಎಂಬುದಕ್ಕೆ ಒಂದು ಆಧಾರವಿದೆ. 1994ರಲ್ಲಿ ಅಮೆರಿಕದಲ್ಲಿ ತುರ್ತು ಚಿಕಿತ್ಸೆಯ ವೈದ್ಯರು, ದಾದಿಯರು ಮತ್ತು ಇತರ ಸಿಬ್ಬಂದಿ ಸೇರಿ 233 ಜನರನ್ನು, ಅಂದರೆ ಇಂಥ ರೋಗಿಗಳನ್ನು ಮೊದಲು ಮುಟ್ಟುವವರನ್ನೇ, ಒಂದು ಪ್ರಶ್ನೆ ಕೇಳಿದರು. ಕುತ್ತಿಗೆಯ ಮಟ್ಟದಲ್ಲಿ ಬೆನ್ನುಹುರಿ ಹೋಗಿ ಕೈಕಾಲು ಎರಡೂ ನಿಂತರೆ, ಬದುಕಿ ಉಳಿದೆನಲ್ಲ ಎಂದು ನಿಮಗೆ ಸಂತೋಷವಾದೀತೇ ಎಂಬುದು ಆ ಪ್ರಶ್ನೆ. ಹೌದೆಂದವರು ನೂರಕ್ಕೆ 18 ಮಂದಿ. ಅಂಥದೇ ಪೆಟ್ಟಿನೊಡನೆ ವರ್ಷಗಟ್ಟಲೆ ಬದುಕಿದವರನ್ನು ಕೇಳಿದಾಗ ಹೌದೆಂದವರು ನೂರಕ್ಕೆ 92 ಮಂದಿ. ಹೊರಗಿನಿಂದ ನೋಡುವವನ ಲೆಕ್ಕ ಬೇರೆ, ಒಳಗೆ ಬಾಳುವವನ ಲೆಕ್ಕ ಬೇರೆ. ದವಾಖಾನೆಯ ಮಂಚದ ಬಳಿ ಆ ಹಿರಿಯಳು ಹೇಳಿದ್ದು ಹುಡುಗನ ಬಾಳಿನ ಸುದ್ದಿಯಲ್ಲ, ತನ್ನ ಭಯದ ಸುದ್ದಿ.

ಹಾಗೆಂದು ಇದನ್ನು ಅತ್ತ ಕಡೆಗೆ ವಿಪರೀತ ಎಳೆಯುವುದೂ ಸರಿಯಲ್ಲ. 1978ರಲ್ಲಿ ಪ್ರಕಟವಾದ ಇನ್ನೊಂದು ಪ್ರಸಿದ್ಧ ಅಧ್ಯಯನವನ್ನು ಉಪನ್ಯಾಸಕಾರರು ಆಗಾಗ ತಪ್ಪಾಗಿ ಹೇಳುವುದುಂಟು. ಲಾಟರಿ ಗೆದ್ದ 22 ಜನ, ಅಪಘಾತದಲ್ಲಿ ಅಂಗಬಲ ಕಳೆದುಕೊಂಡ 29 ಜನ, ಏನೂ ಆಗದ 22 ಜನ. ಇವರ ಸುಖವನ್ನು ಸೊನ್ನೆಯಿಂದ ಐದರವರೆಗಿನ ಅಳತೆಗೋಲಿನಲ್ಲಿ ಅಳೆದರು. ಲಾಟರಿಯವರಿಗೂ ಕಾಲು ಹೋದವರಿಗೂ ಸುಖ ಸಮಸಮವಿತ್ತೆಂದು ಹೇಳುವುದು ರೂಢಿಯಾಗಿಬಿಟ್ಟಿದೆ. ನಿಜವಾಗಿ ಲಾಟರಿಯವರದು 4.00, ಸಾಮಾನ್ಯರದು 3.82, ಪೆಟ್ಟುಬಿದ್ದವರದು 2.96. ಕಡಿಮೆ ಇತ್ತು. ಆದರೆ ಎಲ್ಲರೂ ಎಣಿಸುವಂತೆ ತಳಕಚ್ಚಿರಲಿಲ್ಲ, ನಡುಗೆರೆಯ ಮೇಲೆಯೇ ಇತ್ತು. ಗೆಳೆಯನೊಡನೆ ಮಾತು, ಬೆಳಗಿನ ಉಪಾಹಾರ ಇಂಥ ದಿನನಿತ್ಯದ ಸಣ್ಣ ಸುಖಗಳಲ್ಲಂತೂ ಲಾಟರಿ ಗೆದ್ದವರೇ ಎಲ್ಲರಿಗಿಂತ ಹಿಂದೆ ಬಿದ್ದಿದ್ದರು! ದುಃಖ ಸುಳ್ಳಲ್ಲ, ದುಃಖವೇ ಎಲ್ಲವೂ ಅಲ್ಲ, ಎಂದಷ್ಟೇ ಇದರಿಂದ ಹೇಳಬಹುದು.

ಹಾಗಾದರೆ ಆ 92 ಮಂದಿ ಏನನ್ನು ಹಿಡಿದು ನಿಂತರು? ಇದಕ್ಕೆ ಉತ್ತರ ಹುಡುಕಿದವರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆಯರಾದ ತಮಾರಾ ಡೆಂಬೋ ಮತ್ತು ಬಿಯಾಟ್ರಿಸ್ ರೈಟ್ ಮುಖ್ಯರು. 1950ರ ದಶಕದಲ್ಲಿಯೇ ಅವರು ಹೇಳಿದ್ದೇನೆಂದರೆ, ಕಳೆದುಕೊಂಡದ್ದರ ನೋವು ಆರುವುದು ಅದು ಮರಳಿ ಬಂದಾಗ ಅಲ್ಲ, ಮನುಷ್ಯ ಬೆಲೆ ಕಟ್ಟುವ ಕ್ರಮ ಬದಲಾದಾಗ. ಪೆಟ್ಟಾದ ಹೊಸತರಲ್ಲಿ ಹೋದದ್ದೊಂದೇ ಲೋಕದಲ್ಲಿ ಬೆಲೆಯುಳ್ಳದ್ದಾಗಿ ಕಾಣುತ್ತದೆ. ನಡೆಯುವುದು, ನಡೆಯುವುದು, ಅದೊಂದೇ. ದಿನ ಕಳೆದಂತೆ, ಎಲ್ಲರಿಗೂ ಅಲ್ಲ, ಹಲವರಿಗೆ, ಬೇರೆ ಬೆಲೆಗಳೂ ಕಣ್ಣಿಗೆ ಬೀಳುತ್ತವೆ. ತಂಗಿಗೆ ಗಣಿತ ಹೇಳಿಕೊಡುವುದು, ಹೊಲದ ಲೆಕ್ಕ ಇಡುವುದು, ರಾತ್ರಿ ಭಜನೆಗೆ ತಾಳ ಹಾಕುವುದು. ಮೈಕಟ್ಟಿಗೆ ಕೊಟ್ಟಿದ್ದ ದೊಡ್ಡ ಸ್ಥಾನ ಕೆಳಗಿಳಿಯುತ್ತದೆ. ಕಾಲು ಹೋದದ್ದಕ್ಕೆ ಬುದ್ಧಿಯೂ ಮಾನವೂ ಹೋಯಿತೆಂಬ ಭ್ರಮೆ ಬಿಡುತ್ತದೆ. ಎಲ್ಲಕ್ಕಿಂತ ಕಠಿಣವಾದದ್ದು ಕೊನೆಯದು. ಪಕ್ಕದ ಮನೆಯವನ ಕಾಲಿಗೆ ಹೋಲಿಸಿ ತನ್ನ ಗಾಲಿಯನ್ನು ನೋಡುವುದು ಬಿಟ್ಟು, ಈ ಗಾಲಿಯಿಂದ ಇವತ್ತು ಎಲ್ಲಿಗೆ ಮುಟ್ಟಬಹುದು ಎಂದು ನೋಡಲು ಕಲಿಯುವುದು. ಪುಸ್ತಕದಲ್ಲಿ ಓದಲು ಇದು ಸಲೀಸು. ಬಾಳಿನಲ್ಲಿ ಹಿಂದೆಮುಂದೆ ಆಗುತ್ತಲೇ ಇರುತ್ತದೆ. ಹತ್ತು ವರ್ಷ ಚೆನ್ನಾಗಿದ್ದವನಿಗೂ ತಮ್ಮನ ಮದುವೆಯ ದಿನ ಗಂಟಲು ಕಟ್ಟುತ್ತದೆ.

ಇದಕ್ಕೆ ಜೀವಂತ ಉದಾಹರಣೆ ಬೇಕೆಂದರೆ ದೂರ ಹೋಗಬೇಕಾಗಿಲ್ಲ. ಇದೇ ಸಾಂಗ್ಲಿ ಜಿಲ್ಲೆಯ ಪೇಠ ಇಸ್ಲಾಮಪುರ ಭಾಗದವರು ಮುರಳೀಕಾಂತ ಪೇಟಕರ. (ಇಸ್ಲಾಮಪುರವನ್ನು ಈಶ್ವರಪುರವೆಂದು ಕರೆಯುವ ತೀರ್ಮಾನವನ್ನು ರಾಜ್ಯ ಸರಕಾರ 2025ರಲ್ಲಿ ಪ್ರಕಟಿಸಿತು.) 1944ರ ನವೆಂಬರ್ 1ರಂದು ಜನನ. ಸಾಂಗ್ಲಿ ಸೀಮೆ ಮೊದಲಿನಿಂದಲೂ ಗರಡಿಮನೆಯ ಸೀಮೆ, ಪೈಲವಾನರ ಸೀಮೆ. ಹುಡುಗನೂ ಮೈಬಲದ ಕನಸಿನಲ್ಲೇ ಬೆಳೆದು ಸೈನ್ಯದ ಇ.ಎಂ.ಇ. ದಳ ಸೇರಿ ಅಲ್ಲಿ ಮುಷ್ಟಿಯುದ್ಧದಲ್ಲಿ ಹೆಸರು ಮಾಡಿದ. 1965ರ ಯುದ್ಧದಲ್ಲಿ ಅವರ ಮೈಗೆ ಹಲವು ಗುಂಡುಗಳು ಬಿದ್ದವು. ಒಂದು ಗುಂಡು ಬೆನ್ನುಮೂಳೆಯಲ್ಲೇ ಉಳಿಯಿತು. ಮೈಬಲವೇ ಸರ್ವಸ್ವವೆಂದಿದ್ದ ಇಪ್ಪತ್ತೊಂದರ ಆಸುಪಾಸಿನ ತರುಣನಿಗೆ ಕಾಲುಗಳ ಬಲ ಹೋಯಿತು. ಬೆಲೆಗಳು ಬದಲಾಗಬೇಕೆಂದು ಶಾಸ್ತ್ರಜ್ಞರು ಹೇಳಿದರಲ್ಲ, ಅದು ಇಂಥವನಿಗೆ ಎಷ್ಟು ಕಠಿಣವಾಗಿದ್ದೀತು ಎಂದು ಎಣಿಸಿ ನೋಡಬೇಕು.

ಮುಂಬೈಯ ನೌಕಾಪಡೆಯ ದವಾಖಾನೆ ಅಶ್ವಿನಿಯಲ್ಲಿ ಉಪಚಾರ ನಡೆದಾಗ ವ್ಯಾಯಾಮವೆಂದು ನೀರಿಗೆ ಇಳಿಸಿದರು. ನೀರಿನಲ್ಲಿ ಮೈಯ ಭಾರ ಕಾಲಿನ ಮೇಲೆ ಬೀಳುವುದಿಲ್ಲ. ಕೃಷ್ಣೆಯ ದಂಡೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಪಚಾರಕ್ಕೆಂದು ಆರಂಭವಾದ ಈಜು ಪಂದ್ಯಕ್ಕೆ ತಿರುಗಿತು. ಮಾಜಿ ಕ್ರಿಕೆಟಿಗ ವಿಜಯ ಮರ್ಚಂಟರು ಬೆನ್ನಿಗೆ ನಿಂತರು. 1968ರಲ್ಲಿ ಟೆಲ್ ಅವೀವ್‌ನ ಪ್ಯಾರಾಲಿಂಪಿಕ್ಸ್‌ನಲ್ಲಿ ಪೇಟಕರರು ಟೇಬಲ್ ಟೆನಿಸ್ ಆಡಿದರು. 1972ರ ಆಗಸ್ಟಿನಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ 50 ಮೀಟರ್ ಈಜನ್ನು 37.33 ಸೆಕೆಂಡಿನಲ್ಲಿ ಮುಗಿಸಿ ವಿಶ್ವದಾಖಲೆಯೊಡನೆ ಚಿನ್ನ ಗೆದ್ದರು. ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಬಂದ ಮೊದಲ ಚಿನ್ನ ಅದು. ಒಲಿಂಪಿಕ್ಸ್‌ನಲ್ಲಿ ಒಬ್ಬ ಭಾರತೀಯ ಒಂಟಿಯಾಗಿ ಚಿನ್ನ ಗೆಲ್ಲಲು ದೇಶ 2008ರವರೆಗೆ ಕಾಯಬೇಕಾಯಿತು. 1972ರ ಒಲಿಂಪಿಕ್ಸ್ ನಡೆದದ್ದು ಮ್ಯೂನಿಕ್‌ನಲ್ಲಿ. ಕ್ರೀಡಾಗ್ರಾಮದ ಮನೆಗಳನ್ನು ಮಾರಾಟಕ್ಕೆ ಬದಲಿಸಬೇಕೆಂಬ ಕಾರಣಕ್ಕೆ ಇವರ ಕ್ರೀಡೆಯನ್ನು ಹೈಡೆಲ್‌ಬರ್ಗಿಗೆ ಕಳಿಸಿದ್ದರು. ಅಂಗವಿಕಲರಿಗೆ ಜಾಗವಿಲ್ಲ ಎನ್ನುವುದು ಹಿಂದುಳಿದ ದೇಶಗಳ ಚಾಳಿ ಮಾತ್ರ ಅಲ್ಲ ಎಂಬುದಕ್ಕೆ ಇದೊಂದು ಸಾಕ್ಷಿ.

ಚಿನ್ನದ ಹೊಳಪಿಗಿಂತ ಆಮೇಲಿನ ವರ್ಷಗಳೇ ಈ ವಿಷಯಕ್ಕೆ ಹೆಚ್ಚು ಸಂಬಂಧಪಟ್ಟವು. ಪೇಟಕರರು ಪುಣೆಯ ಟೆಲ್ಕೋ ಕಾರಖಾನೆಯಲ್ಲಿ ನೌಕರಿ ಮಾಡಿ ಸಂಸಾರ ನಡೆಸಿದರು. 1980ರ ದಶಕದಲ್ಲಿ ಅರ್ಜುನ ಪ್ರಶಸ್ತಿಗೆ ಹಾಕಿದ ಅರ್ಜಿ ತಿರಸ್ಕೃತವಾಯಿತೆಂದು ಅವರೇ ಹೇಳಿಕೊಂಡಿದ್ದಾರೆ. ದೇಶ ಅವರನ್ನು ಮರೆತೇಬಿಟ್ಟಿತ್ತು. 2018ರಲ್ಲಿ ಪದ್ಮಶ್ರೀ ಬಂತು, 2024ರಲ್ಲಿ ಅವರ ಕಥೆ ಹಿಂದಿ ಚಲನಚಿತ್ರವಾಯಿತು, 2025ರ ಜನವರಿಯಲ್ಲಿ ಅರ್ಜುನ ಜೀವಮಾನ ಪ್ರಶಸ್ತಿಯನ್ನು ರಾಷ್ಟ್ರಪತಿಗಳ ಕೈಯಿಂದ ಪಡೆದಾಗ ವಯಸ್ಸು 80. ಮೆಚ್ಚುಗೆ ಬರುವವರೆಗೆ ತೃಪ್ತಿಯನ್ನು ಕಾಯಿಸಿಟ್ಟಿದ್ದರೆ ಅವರು ನಲವತ್ತೈದು ವರ್ಷ ಅತೃಪ್ತರಾಗಿಯೇ ಇರಬೇಕಾಗಿತ್ತು. ಕೂಲಿಯ ಕೆಲಸ, ಮನೆ, ಮಕ್ಕಳು ಇವೇ ಆ ನಡುವಿನ ವರ್ಷಗಳನ್ನು ಹೊತ್ತವು. ಶರಣರು ಕಾಯಕವೆಂದು ಕರೆದದ್ದು ಇದಕ್ಕೇ ಅಲ್ಲವೇ?

ಅದೇ 1965ರ ಯುದ್ಧ ಇನ್ನೊಬ್ಬರಿಗೂ ಇದೇ ಪೆಟ್ಟು ಕೊಟ್ಟಿತು. ಮೇಜರ್ ಹರಿಪಾಲಸಿಂಗ್ ಅಹ್ಲುವಾಲಿಯಾ ಆ ವರ್ಷ ಮೇ 29ರಂದು ಎವರೆಸ್ಟ್ ಶಿಖರದ ಮೇಲೆ ನಿಂತಿದ್ದರು. ಕೆಲವೇ ತಿಂಗಳಲ್ಲಿ ಯುದ್ಧದ ಗುಂಡು ಬೆನ್ನುಹುರಿಗೆ ತಾಗಿತು. ಜಗತ್ತಿನಲ್ಲಿ ಎಲ್ಲರಿಗಿಂತ ಎತ್ತರಕ್ಕೆ ಕಾಲಿಟ್ಟವರು ಗಾಲಿಕುರ್ಚಿಗೆ ಬಂದರು. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ದವಾಖಾನೆಯಲ್ಲಿ ಉಪಚಾರ ಪಡೆದು ಮರಳಿದವರು, ಇಂಥ ದವಾಖಾನೆ ತನ್ನ ದೇಶದಲ್ಲಿ ಏಕಿಲ್ಲ ಎಂದು ಹಿಡಿದ ಹಟ ಬಿಡದೆ ದಿಲ್ಲಿಯ ವಸಂತಕುಂಜದಲ್ಲಿ ಬೆನ್ನುಹುರಿಯ ಪೆಟ್ಟಿನವರಿಗಾಗಿಯೇ ದೊಡ್ಡ ಆಸ್ಪತ್ರೆ ಕಟ್ಟಿಸಿದರು. 2022ರಲ್ಲಿ ತೀರಿಕೊಂಡರು. ಆ ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ 1944ರಲ್ಲಿ ಬೆನ್ನುಹುರಿಯ ವಿಭಾಗ ತೆರೆದವರು ಡಾ. ಲುಡ್ವಿಗ್ ಗುಟ್‌ಮನ್, ಹಿಟ್ಲರನ ಜರ್ಮನಿಯಿಂದ ಓಡಿಬಂದ ಯಹೂದಿ ವೈದ್ಯರು. ಅದಕ್ಕೂ ಮೊದಲು ಇಂಥ ರೋಗಿಗಳು ಹಾಸಿಗೆ ಹುಣ್ಣಿನಿಂದಲೋ ಮೂತ್ರದ ಸೋಂಕಿನಿಂದಲೋ ತಿಂಗಳುಗಳಲ್ಲಿ ಸಾಯುವುದೇ ವಾಡಿಕೆಯಾಗಿತ್ತು. ಗುಟ್‌ಮನ್‌ರು ಅವರನ್ನು ಹೊರಳಿಸಿದರು, ಕುಳ್ಳಿರಿಸಿದರು, ಕೈಗೆ ಕೆಲಸ ಕೊಟ್ಟರು. 1948ರಲ್ಲಿ ಹದಿನಾರು ಜನರ ಕೈಗೆ ಬಿಲ್ಲು ಕೊಟ್ಟು ಪಂದ್ಯ ಹೂಡಿದರು. ಪ್ಯಾರಾಲಿಂಪಿಕ್ಸ್ ಹುಟ್ಟಿದ್ದು ಅಲ್ಲಿಂದ.

ಸೈನಿಕರ ಕಥೆ ಹೇಳುವುದು ಸುಲಭ, ಕೇಳುವುದೂ ಸುಲಭ. ಹೆಣ್ಣುಮಕ್ಕಳ ಕಥೆ ಹಾಗಲ್ಲ. ಇಲ್ಲಿಂದ ಐವತ್ತು ಕಿಲೋಮೀಟರ್ ಕೂಡ ದೂರವಿಲ್ಲದ ಕೊಲ್ಹಾಪುರದಲ್ಲಿ ನಸೀಮಾ ಹುರಜೂಕ ಅವರಿದ್ದಾರೆ. ಹುಟ್ಟಿದ್ದು 1950ರಲ್ಲಿ. ಹದಿನಾರರ ಹರೆಯದಲ್ಲಿ ಬೆನ್ನಿನ ತೊಂದರೆಯಿಂದ ಕಾಲುಗಳ ಬಲ ಹೋಯಿತು. ಓಡಾಡುತ್ತಿದ್ದ, ಆಟದಲ್ಲಿ ಮುಂದಿದ್ದ ಹುಡುಗಿ. ಸಾಯಬೇಕೆನಿಸಿದ್ದುಂಟು ಎಂದು ಮುಚ್ಚಿಡದೆ ಹೇಳಿಕೊಂಡಿದ್ದಾರೆ. ಅವರನ್ನು ಎಬ್ಬಿಸಿದ್ದು ವೈದ್ಯರ ಮಾತಲ್ಲ, ಬಂಧುಗಳ ಕಣ್ಣೀರೂ ಅಲ್ಲ. ತಮ್ಮಂತೆಯೇ ಕಾಲುಬಲ ಕಳೆದುಕೊಂಡೂ ವ್ಯವಹಾರ ನಡೆಸಿಕೊಂಡಿದ್ದ ಬಾಬೂಕಾಕಾ ದಿವಾಣರ ಭೇಟಿ. ನೂರು ಉಪದೇಶ ಮಾಡದ ಕೆಲಸವನ್ನು ಅದೇ ಪೆಟ್ಟು ತಿಂದ ಒಬ್ಬ ಮನುಷ್ಯ ಎದುರು ಬಂದು ಕುಳಿತರೆ ಮಾಡುತ್ತಾನೆ. ನಸೀಮಾ ಅವರು ಓದಿದರು, ಕೇಂದ್ರ ಸರಕಾರದ ಅಬಕಾರಿ ಕಚೇರಿಯಲ್ಲಿ ನೌಕರಿ ಹಿಡಿದರು, 1984ರಲ್ಲಿ ಕೊಲ್ಹಾಪುರದಲ್ಲಿ 'ಹೆಲ್ಪರ್ಸ್ ಆಫ್ ದಿ ಹ್ಯಾಂಡಿಕ್ಯಾಪ್ಡ್' ಸಂಸ್ಥೆ ಕಟ್ಟಲು ಮುಂದಾದರು. ಊರೂರಿನ ಅಂಗವಿಕಲ ಮಕ್ಕಳಿಗೆ ವಸತಿ, ಶಾಲೆ, ಉದ್ಯೋಗ. ಮರಾಠಿಯಲ್ಲಿ ಅವರ ಆತ್ಮಕಥೆಯ ಹೆಸರು 'ಚಾಕಾಚೀ ಖುರ್ಚೀ', ಅಂದರೆ ಗಾಲಿಯ ಕುರ್ಚಿ. ಎಲ್ಲರ ಸಹಾನುಭೂತಿ ಪಡೆಯುತ್ತ ಕುಳಿತಿದ್ದ ಹುಡುಗಿ ಕೊಡುವವರ ಸಾಲಿಗೆ ಬಂದು ಕುಳಿತರು. ಕೇರಳದ ಡಾ. ಮೇರಿ ವರ್ಗೀಸರ ಕಥೆಯೂ ಇದೇ ಜಾತಿಯದು. 1954ರ ಅಪಘಾತದಲ್ಲಿ ಕಾಲುಬಲ ಹೋದ ಈ ತರುಣ ವೈದ್ಯೆ ವೆಲ್ಲೂರಿನಲ್ಲಿ ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಕ್ರಿಯೆ ಮಾಡಿದರು. ಆಮೇಲೆ ಅಲ್ಲಿಯೇ ಬೆನ್ನುಹುರಿಯ ರೋಗಿಗಳ ಪುನರ್ವಸತಿಗೆ ತಳಹದಿ ಹಾಕಿದರು.

ಗುಡ್ಡಾಪುರದ ತಾಯಿಯನ್ನು ಜನ ನೆನೆಯುವುದೂ ಯಾವುದಕ್ಕೆ? ಜತ್ತ ತಾಲೂಕಿನ ಉಮರಾಣಿಯಲ್ಲಿ ಲಿಂಗಮ್ಮನಾಗಿ ಹುಟ್ಟಿದವಳು ದಾನಮ್ಮ ಎನ್ನಿಸಿಕೊಂಡದ್ದು ಕೊಡುವ ಕೈಯಿಂದ. ಬೆನ್ನುಹುರಿ ಹೋದವರು ಒಳಗೊಳಗೇ ನವೆಯುವುದು, ತಮಗೆ ಯಾರೂ ಕೊಡುತ್ತಿಲ್ಲವೆಂದಲ್ಲ. ತಮ್ಮ ಕೈಯಿಂದ ಯಾರಿಗೂ ಏನೂ ಸಲ್ಲುತ್ತಿಲ್ಲವೆಂದು. ಮನೆಮಂದಿ ಪ್ರೀತಿಯಿಂದಲೇ "ನೀ ಸುಮ್ಮನ ಕೂಡು ತಮ್ಮಾ, ನಾವು ಅದೇವಲ್ಲ" ಎನ್ನುತ್ತಾರೆ. ಆ ಸುಮ್ಮನೆ ಕೂಡುವುದೇ ಶಿಕ್ಷೆ.

ಇಲ್ಲಿ ದೇಶದೇಶಗಳ ಭೇದ ನೋಡುವಂತಿದೆ. ಅಮೆರಿಕದಲ್ಲಿ ಇಂಥವನನ್ನು ಮೊದಲು ಕೇಳುವ ಪ್ರಶ್ನೆ, ಯಾರ ನೆರವಿಲ್ಲದೆ ನೀನೊಬ್ಬನೇ ಏನೇನು ಮಾಡಬಲ್ಲೆ ಎಂದು. ತಾನೇ ಕಾರು ನಡೆಸಬೇಕು, ತಾನೇ ಒಂಟಿ ಮನೆಯಲ್ಲಿ ಇರಬೇಕು, ಅದು ಅಲ್ಲಿಯ ದೊಡ್ಡ ಮೌಲ್ಯ. ಇತ್ತ ಕಡೆ ಕೇಳುವ ಪ್ರಶ್ನೆ, ನಿನ್ನ ಸಂಗಡ ಯಾರಿದ್ದಾರೆ ಎಂದು. ಅಲ್ಲಿ ರಸ್ತೆ, ಬಸ್ಸು, ಕಚೇರಿ ಎಲ್ಲ ಕಡೆ ಗಾಲಿ ಹೋಗುತ್ತದೆ, ಆದರೆ ಸಂಜೆ ಮಾತಿಗೆ ಜನ ಸಿಗದೆ ಒಂಟಿಯಾಗುವವರಿದ್ದಾರೆ. ಇಲ್ಲಿ ಮನೆ ತುಂಬ ಜನ, ಹೊಸ್ತಿಲು ದಾಟಲು ದಾರಿಯಿಲ್ಲ. ಯಾವುದು ಹೆಚ್ಚು ಎಂದು ಜಗಳಾಡುವುದು ವ್ಯರ್ಥ. 2017ರಿಂದ 2019ರ ಅವಧಿಯಲ್ಲಿ 22 ದೇಶಗಳಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಇಂಥ ಜನರನ್ನು ಅವರ ಬಾಳಿನ ಬಗ್ಗೆ ಕೇಳಿ ಬರೆದುಕೊಂಡ ಸಮೀಕ್ಷೆಯೊಂದು ನಡೆಯಿತು. ಜಪಾನ, ಚೀನಾ, ಥಾಯ್ಲೆಂಡ್, ಮಲೇಶಿಯಾ, ಮೊರೊಕ್ಕೊ ಎಲ್ಲ ಅದರಲ್ಲಿದ್ದವು, ಭಾರತ ಇರಲಿಲ್ಲ. ಹೊಸ್ತಿಲ ಒಳಗಿನವರ ಲೆಕ್ಕ ಬರೆದುಕೊಳ್ಳಲು ಇಲ್ಲಿ ಬರುವವರು ಕಡಿಮೆ.

ಮನೆ ತುಂಬ ಜನ ಎಂದಾಗಲೂ ದುಡಿಯುವ ಕೈ ಒಂದೋ ಎರಡೋ. ಪೆಟ್ಟು ತಿನ್ನುವವರಲ್ಲಿ ಗಂಡಸರೇ ಹೆಚ್ಚು, ಆದ್ದರಿಂದ ನೋಡಿಕೊಳ್ಳುವವಳು ಹೆಂಡತಿ ಅಥವಾ ತಾಯಿ. ಹಾಸಿಗೆ ಹುಣ್ಣಾಗದಂತೆ ಮಲಗಿದವನನ್ನು ಎರಡು ತಾಸಿಗೊಮ್ಮೆ ಹೊರಳಿಸಬೇಕು, ರಾತ್ರಿಯೂ. ಕುಳಿತವನು ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಕೈಯೂರಿ ಆಸನವನ್ನು ಎತ್ತಬೇಕು. ಕಾಲಿಗೆ ಸ್ಪರ್ಶವಿಲ್ಲದ್ದರಿಂದ ಬಿಸಿ ಚಹಾ ಚೆಲ್ಲಿದರೂ ತಿಳಿಯುವುದಿಲ್ಲ, ದಿನಕ್ಕೊಮ್ಮೆ ಕನ್ನಡಿ ಹಿಡಿದು ಚರ್ಮ ನೋಡಬೇಕು. ಮೂತ್ರಕ್ಕೆ ಸ್ವಚ್ಛವಾದ ನಳಿಕೆ ಹಾಕುವುದನ್ನು ರೋಗಿಯೇ ಕಲಿಯಬಹುದು, ಕಲಿತರೆ ಮಾನವೂ ಉಳಿಯುತ್ತದೆ, ಹೆಂಡತಿಯ ನಿದ್ದೆಯೂ ಉಳಿಯುತ್ತದೆ. ಅದೇ ಪೆಟ್ಟು ಹೆಣ್ಣುಮಗಳಿಗೆ ಬಿದ್ದರೆ? ಅವಳನ್ನು ತವರಿಗೆ ಕಳಿಸಿ ಕೈತೊಳೆದುಕೊಂಡ ಮನೆಗಳು ಈ ಸೀಮೆಯಲ್ಲಿ ಇಲ್ಲವೆಂದು ಎದೆಮುಟ್ಟಿ ಹೇಳುವವರು ಈ ಸಭೆಯಲ್ಲಿ ಎಷ್ಟು ಜನ ಇದ್ದಾರು?

ಇನ್ನು ಹಿಂದಿನ ಜನ್ಮದ ಮಾತು. ಕರ್ಮಸಿದ್ಧಾಂತದ ಚರ್ಚೆ ಪಂಡಿತರಿಗೆ ಬಿಟ್ಟದ್ದು. ಆದರೆ ಆ ಮಾತನ್ನು ಯಾರು ಯಾರಿಗೆ ಹೇಳುತ್ತಾರೆ ಎಂಬುದನ್ನು ನೋಡಬೇಕು. ಪೆಟ್ಟು ತಿಂದವನೇ ಇದು ತನ್ನ ಪಾಲಿಗೆ ಬಂದದ್ದು ಎಂದು ಒಪ್ಪಿ ಮನಸ್ಸಿಗೆ ಶಾಂತಿ ತಂದುಕೊಂಡರೆ ಅದು ಅವನ ಬಲ. ಕಾಲು ಗಟ್ಟಿಯಿರುವವನು ಅದನ್ನೇ ಅವನ ಮುಖದ ಮೇಲೆ ಹೇಳಿದರೆ ಅದು ತೀರ್ಪು. ತೀರ್ಪು ಕೊಡುವ ಅಧಿಕಾರ ಯಾವ ಭಕ್ತನಿಗೂ ಯಾವ ಶರಣನೂ ಕೊಟ್ಟಿಲ್ಲ. ದೇಹವನ್ನೇ ದೇಗುಲವಾಗಿ ಕಂಡವರು ಬಸವಾದಿ ಶರಣರು. ಆ ದೇಗುಲದ ಎರಡು ಕಂಬ ಅಲುಗಾಡಿದವೆಂದು ಒಳಗಿನ ಲಿಂಗ ಎದ್ದು ಹೊರಟುಹೋಗುತ್ತದೆಯೇ? ಮಠದ ಗೋಡೆ ಬಿರುಕು ಬಿಟ್ಟರೆ ಪೂಜೆ ನಿಲ್ಲಿಸುವುದಿಲ್ಲವಲ್ಲ, ಗೋಡೆಗೆ ಊರುಗೋಲು ಕೊಟ್ಟು ಗಂಟೆ ಬಾರಿಸುತ್ತಾರೆ.

ಕೊನೆಯದಾಗಿ ಈ ಗುಡಿಯ ಬಾಗಿಲಿಗೆ ಬರೋಣ. ಜಾತ್ರೆಯ ದಿನ ತೇರು ಎಳೆಯುತ್ತಾರೆ. ತೇರು ಏಕೆ ಹೊರಗೆ ಬರುತ್ತದೆ ಎಂದು ಹಿರಿಯರನ್ನು ಕೇಳಿದರೆ, ಒಳಗೆ ಬರಲಾಗದವರಿಗೂ ದರ್ಶನವಾಗಲೆಂದು ದೇವರೇ ಬೀದಿಗೆ ಬರುತ್ತಾನೆ ಎನ್ನುತ್ತಾರೆ. ಹಾಗೆ ಬರುವಾಗ ಅವನೂ ಗಾಲಿಯ ಮೇಲೆಯೇ ಬರುತ್ತಾನೆ! ಆ ಗಾಲಿಗೆ ಕಾಯಿ ಒಡೆಯುತ್ತಾರೆ, ಕುಂಕುಮ ಹಚ್ಚುತ್ತಾರೆ. ಅದೇ ಗುಡಿಯ ಮೆಟ್ಟಿಲ ಬಳಿ ಗಾಲಿಕುರ್ಚಿ ಬಂದರೆ ಮಾತ್ರ ನೂರೆಂಟು ಪ್ರಶ್ನೆ. ಬೀದಿಯ ಕೊಳೆ ಹತ್ತಿದ ಗಾಲಿ ಒಳಗೆ ಹೇಗೆ ಎಂಬುದು ಅದರಲ್ಲಿ ಒಪ್ಪತಕ್ಕ ಪ್ರಶ್ನೆ. ಅದಕ್ಕೆ ಉತ್ತರವೂ ಸುಲಭವಿದೆ. ಗುಡಿಯಲ್ಲಿಯೇ ಒಂದು ತೊಳೆದ ಗಾಲಿಕುರ್ಚಿ ಇಟ್ಟರೆ ಬಾಗಿಲಲ್ಲಿ ಅದಕ್ಕೆ ಬದಲಿಸಿಕೊಳ್ಳಬಹುದು. ನಾಲ್ಕು ಜನ ಎತ್ತಿಕೊಂಡು ಹೋಗುತ್ತೇವಲ್ಲ ಎನ್ನುವ ಉತ್ಸಾಹಿ ತರುಣರಿದ್ದಾರೆ. ಅವರ ಭಕ್ತಿ ದೊಡ್ಡದು. ಆದರೆ ಬೆಳೆದ ಗಂಡಸನ್ನೋ ಹೆಂಗಸನ್ನೋ ಜಾತ್ರೆಯ ಜನರ ಎದುರು ಮೂಟೆಯಂತೆ ಎತ್ತಿದರೆ ಅವರು ಮುಂದಿನ ವರ್ಷ ಬರುವುದಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯದೆ ಸಾರ್ವಜನಿಕ ಸ್ಥಳಗಳಿಗೆ ದಾರಿ ಮಾಡಿಕೊಡಬೇಕೆಂದು ಹೇಳಿದೆ. ಕಾಯದೆಗೆ ಹೆದರಿ ಅಲ್ಲ, ಗುಡಿಗೆ ತಕ್ಕ ಹಾಗೆ ಮಾಡುವುದಿದ್ದರೆ ಲೆಕ್ಕ ಇಷ್ಟೇ. ಇಳಿಜಾರು ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಇರಬೇಕು. ಅದಕ್ಕಿಂತ ಕಡಿದಾದರೆ ಕುಳಿತವನು ತನ್ನ ಕೈಯಿಂದಲೇ ಗಾಲಿ ತಿರುಗಿಸಿ ಏರಲಾರ, ಇಳಿಯುವಾಗ ಮುಗ್ಗರಿಸುತ್ತಾನೆ. ಅಗಲ ನಾಲ್ಕು ಅಡಿ ಇದ್ದರೆ ಅನುಕೂಲ. ನುಣುಪು ಫರಸಿ ಹಾಕಬಾರದು, ಅಭಿಷೇಕದ ನೀರು, ಎಣ್ಣೆ ಬಿದ್ದರೆ ಗಾಲಿ ಜಾರುತ್ತದೆ. ಒಂದು ಬದಿಗೆ ಹಿಡಿಕೆ ಬೇಕು, ಅದು ಮುಪ್ಪಿನವರಿಗೂ ಬಸುರಿಯರಿಗೂ ಆಗುತ್ತದೆ. ಗಾಲಿ ಒಳಗೆ ಹೋಗುವಷ್ಟು ಬಾಗಿಲಿರುವ ಒಂದು ಶೌಚಗೃಹ ಹತ್ತಿರದಲ್ಲಿರಬೇಕು, ಏಕೆಂಬುದನ್ನು ಆರಂಭದಲ್ಲಿಯೇ ಹೇಳಿದೆ. ಆರು ಅಂಗುಲದ ಮೂರು ಮೆಟ್ಟಿಲಿರುವ ಗುಡಿಗೆ ಹದಿನೆಂಟು ಅಡಿಯ ಇಳಿಜಾರು ಸಾಕು. ಜಾತ್ರೆಯಲ್ಲಿ ಚಪ್ಪಲಿ ಬಿಡುವ ಜಾಗವೇ ಸಾಮಾನ್ಯವಾಗಿ ಅದಕ್ಕಿಂತ ಉದ್ದ ಇರುತ್ತದೆ.